ಕಾದಂಬರಿಯ ಬಾವಿ, ಏಳೂವರೆಯ ಬಸ್ಸು

ಕಳೆದ ತಿಂಗಳು ಕೊಲ್ಹಾಪುರದ ಕಾಲೇಜೊಂದರಿಂದ ಭಾಷಣಕ್ಕೆ ಕರೆ ಬಂದಿತ್ತು. ಗಂಡಸರು ಬರೆದ ಪುಸ್ತಕಗಳಲ್ಲಿ ಹೆಣ್ಣು ಹೇಗೆ ಬಂದಿದ್ದಾಳೆ, ಅಂದಿನಿಂದ ಇಂದಿನವರೆಗೆ, ಎನ್ನುವುದು ವಿಷಯ. ಮೂವತ್ತು ವರ್ಷ ಗಡಿಯ ಊರುಗಳಲ್ಲಿ ಕನ್ನಡ ಕಲಿಸಿದವಳು ನಾನು. ಇಂಥದ್ದು ಸಿಕ್ಕರೆ ಬಿಡುತ್ತೇನೆಯೇ? ಹದಿನಾರು ಹಾಳೆ ಗೀಚಿಹಾಕಿದೆ. ಪುರಾಣದಲ್ಲಿ ಶಾಪ ಹೊತ್ತವಳು, ಕಾವ್ಯದಲ್ಲಿ ಬರೀ ಕಣ್ಣು ಮತ್ತು ನಡುವಾಗಿ ಉಳಿದವಳು, ಆಮೇಲಿನ ಕಾದಂಬರಿಗಳಲ್ಲಿ ಅಳುತ್ತಲೇ ದೇವಿಯಾದವಳು, ಇನ್ನೂ ಈಚಿನವರ ಕೈಯಲ್ಲಿ ಯಾರಿಗೂ ಅರ್ಥವಾಗದ ಒಗಟಾದವಳು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದೆ. ಓದಿಕೊಂಡರೆ ನನಗೇ ಹೆಮ್ಮೆ ಎನಿಸುವಂತಿತ್ತು.

ಭಾಷಣದ ಹಿಂದಿನ ದಿನ ಇಚಲಕರಂಜಿಯಲ್ಲಿ ಒಂದು ಮದುವೆಯಿತ್ತು. ನಾನು ಕೂತ ರಿಕ್ಷಾ ನೂಲಿಗೆ ಗಂಜಿ ಹಚ್ಚುವ ಕಾರಖಾನೆಯ ಮುಂದೆ ಹಾದುಹೋಯಿತು. ಹುಳಿ ಬೆರೆತ ಬಿಸಿ ಗಂಜಿಯ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಎಷ್ಟೋ ವರ್ಷ ಆ ವಾಸನೆಯಲ್ಲೇ ಉಂಡು ಮಲಗಿದವಳು ನಾನು. ಮದುವೆ ಮನೆ ಬಂದರೂ ಇಳಿಯುವುದನ್ನು ಮರೆತು ಕೂತೆ. ನನ್ನ ಹದಿನಾರು ಹಾಳೆಯಲ್ಲಿ ಬಾಳವ್ವನ ಹೆಸರೇ ಇಲ್ಲ ಎನ್ನುವುದು ಆಗ ಹೊಳೆಯಿತು.

ಅದು ಅರವತ್ತೊಂದನೇ ಇಸವಿ. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಮಾತು, ಅಷ್ಟೇ. ನನಗೆ ಹದಿನೇಳು ವರ್ಷ. ಅಪ್ಪ ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗದ ಮೇಲೆ ಕೆಲಸಕ್ಕಿದ್ದ. ಒಂದೇ ಸಾಲಿನ ಬಾಡಿಗೆ ಕೋಣೆಗಳ ನಮ್ಮ ಚಾಳಿನಲ್ಲಿ ಇದ್ದವರೆಲ್ಲ ಕೃಷ್ಣೆ ಘಟಪ್ರಭೆಗಳ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಕನ್ನಡದ ಮಂದಿ. ಗಂಡಸರು ಮಗ್ಗಕ್ಕೆ ಹೋದರೆ ಹೆಂಗಸರು ಅಂಗಳದಲ್ಲಿ ಸಾಲಾಗಿ ರಾಟೆ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂಡುವ ನೂಲಿನ ಸಣ್ಣ ಸುರುಳಿ. ಸಂಜೆಗೆ ಪ್ರತಿಯೊಬ್ಬಳ ಬುಟ್ಟಿ ತುಂಬಿರಬೇಕು, ಮಗ್ಗದ ಮಾಲೀಕನ ಆಳು ಬಂದು ಒಯ್ಯುತ್ತಿದ್ದ.

ನಾನು ಏಳನೇ ಇಯತ್ತೆ ಕನ್ನಡದಲ್ಲಿ ಪಾಸಾದವಳು. ಇಡೀ ಚಾಳಿನ ಹೆಂಗಸರಲ್ಲಿ ಕನ್ನಡ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಹೀಗಾಗಿ ಮಧ್ಯಾಹ್ನ ಕಾದಂಬರಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪುಸ್ತಕ ಹಿಡಿದ ಮೇಲೆ ರಾಟೆ ತಿರುವುವುದು ಹೇಗೆ? ಅದಕ್ಕೆ ಅವರೇ ಒಂದು ಪದ್ಧತಿ ಮಾಡಿದ್ದರು. ಪ್ರತಿಯೊಬ್ಬಳೂ ತನ್ನದರ ಜೊತೆಗೆ ನಾಲ್ಕು ಕಂಡಿಕೆ ಹೆಚ್ಚು ಸುತ್ತಿ ನನ್ನ ಬುಟ್ಟಿಗೆ ಹಾಕಬೇಕು. ಅವರ ಕೈ ನನ್ನ ಕೆಲಸ ಮಾಡುತ್ತಿತ್ತು, ನನ್ನ ಬಾಯಿ ಅವರ ಬೇಸರ ಕಳೆಯುತ್ತಿತ್ತು.

ಪುಸ್ತಕ ತರುತ್ತಿದ್ದವನು ನನ್ನ ಸೋದರಮಾವ, ಶಿವಲಿಂಗ ಮಾಮಾ. ಗಡಹಿಂಗ್ಲಜದಲ್ಲಿ ಮೆಣಸಿನಕಾಯಿಯ ಅಡತಿ ಅಂಗಡಿ, ಅಂದರೆ ದಲಾಲಿ ಮಂಡಿಯೊಂದರ ಗುಮಾಸ್ತ. ಟ್ರಂಕು ತುಂಬ ಕನ್ನಡ ಕಾದಂಬರಿ ಇಟ್ಟುಕೊಂಡಿದ್ದ. ಹದಿನೈದು ದಿನಕ್ಕೊಮ್ಮೆ ಅಂಗಡಿಯ ಕೆಲಸಕ್ಕೆಂದು ನಮ್ಮೂರಿಗೆ ಬಂದು ಒಂದು ರಾತ್ರಿ ಉಳಿದು, ಮರುದಿನ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋಗುತ್ತಿದ್ದ. ಭಾಳ ಮೆತ್ತಗಿನ ಮನುಷ್ಯ. ಕಾದಂಬರಿಯ ಹೆಣ್ಣಿನ ಕಷ್ಟ ಓದಿ ಧೋತರದ ತುದಿಯಿಂದ ಕಣ್ಣೊರೆಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಆಗ ಅವನ ಮನೆಯ ಹಿತ್ತಲಿನಲ್ಲಿ ನಮ್ಮ ಮಾಮಿ ಒಬ್ಬಳೇ ಇಪ್ಪತ್ತು ಕೊಡ ನೀರು ಸೇದುತ್ತಿದ್ದುದನ್ನೂ ನೋಡಿದ್ದೇನೆ.

ಆ ಸಂಕ್ರಾಂತಿಗೆ ಮಾಮಾ ತಂದದ್ದು ರಟ್ಟು ಹರಿದ ಒಂದು ದಪ್ಪ ಪುಸ್ತಕ. ಮೊದಲ ಹಾಳೆಗಳು ಹೋಗಿದ್ದವು. ಬರೆದವನು ಯಾರೋ ದೇವರೇ ಬಲ್ಲ. ಜಮೀನ್ದಾರರ ದೊಡ್ಡ ವಾಡೆಯೊಂದರ ಹಿರಿ ಸೊಸೆಯ ಕಥೆ. ಆಕೆಗೆ ಮಕ್ಕಳಿಲ್ಲ. ಗಂಡನಿಗೆ ಎರಡನೇ ಹೆಂಡತಿ ತರುವ ಮಾತು ನಡೆದಿದೆ. ಕುದುರೆ ಗಾಡಿ, ದೀವಟಿಗೆಗಳ ಕಾಲ. ಆಕೆಯ ಮುಂಗುರುಳಿಗೇ ಎರಡು ಪುಟ, ಬೆರಳುಗಳಿಗೆ ಒಂದು ಪುಟ. ಆ ಬೆರಳುಗಳ ವರ್ಣನೆ ಓದಿದಾಗ ನಮ್ಮ ಹೆಂಗಸರು ನೂಲು ಕೊರೆದು ಗೀರು ಬಿದ್ದ ತಮ್ಮ ಬೆರಳು ನೋಡಿಕೊಂಡರು.

"ಅಂಥಾ ಬೆರಳಿಲೆ ನೂಲು ಹಿಡದ್ರ ಒಂದ ತಾಸಿನ್ಯಾಗ ರಗತ ಬರತೈತಿ ನೋಡ" ಎಂದು ನಕ್ಕವಳು ಬಾಳವ್ವ.

ಬಾಳವ್ವ ನಮ್ಮ ಪಕ್ಕದ ಖೋಲಿಯವಳು, ಇಪ್ಪತ್ತಮೂರರ ಹೆಣ್ಣು. ಮದುವೆಯಾಗಿ ಏಳು ವರ್ಷ, ಮಕ್ಕಳಿರಲಿಲ್ಲ. ಆಕೆಯ ಗಂಡ ದುಂಡಪ್ಪ ಕೆಟ್ಟವನೇನಲ್ಲ, ಆದರೆ ತಾಯಿ ಹೇಳಿದ್ದಕ್ಕೆಲ್ಲ ಹೂಂ ಎನ್ನುವವನು. ಆ ತಾಯಿ ದಾನೋಳಿಯಲ್ಲಿ ಅವನಿಗೆ ಇನ್ನೊಂದು ಹೆಣ್ಣು ನೋಡಿ ಬಂದಿದ್ದಳು. ಎರಡನೇ ಲಗ್ನ ಮಾಡಬಾರದೆಂದು ಕಾಯ್ದೆ ಬಂದಿತ್ತಂತೆ. ನಮ್ಮ ಚಾಳಿಗೆ ಇನ್ನೂ ಬಂದಿರಲಿಲ್ಲ. ಬಾಳವ್ವನಿಗೆ ತವರು ಎಂಬುದೂ ಇರಲಿಲ್ಲ. ನೇಸರಿಯಲ್ಲಿದ್ದ ತಾಯಿ ತೀರಿದ ಮೇಲೆ ಅಣ್ಣ ಒಂದು ಸಲವೂ ಕರೆಯಲು ಬಂದಿರಲಿಲ್ಲ. ತಾಯಿ ಕೊಟ್ಟ ಒಂದು ರಾಟೆ ಮಾತ್ರ ಆಕೆಯ ಸ್ವಂತದ್ದು.

ಇಂಥವಳ ಎದುರಿಗೆ ಆ ಪುಸ್ತಕ ಓದಲು ಕೂತಿದ್ದೆ ನಾನು. ಹದಿನೇಳರ ಹುಡುಗಿಗೆ ಅಷ್ಟು ದೂರದ ಯೋಚನೆ ಎಲ್ಲಿಂದ ಬರಬೇಕು?

ಖರೆ ಹೇಳಬೇಕೆಂದರೆ, ಪುಸ್ತಕದಲ್ಲಿ ಇಲ್ಲದ್ದನ್ನು ಓದುವ ಚಾಳಿ ನನಗೆ ಹತ್ತಿದ್ದು ಯಾವ ದೊಡ್ಡ ವಿಚಾರದಿಂದಲೂ ಅಲ್ಲ. ವಾಡೆಯ ಸೊಸೆ ಅತ್ತಾಗಲೆಲ್ಲ ನಮ್ಮ ಅಂಗಳದ ರಾಟೆಗಳು ನಿಲ್ಲುತ್ತಿದ್ದವು. ಹೆಂಗಸರು ಸೆರಗು ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಹಸಿ ಕೈ ತಾಗಿ ನೂಲು ಹರಿಯುತ್ತಿತ್ತು, ನನ್ನ ಬುಟ್ಟಿ ಖಾಲಿ ಉಳಿಯುತ್ತಿತ್ತು. ಆ ಬರೆದವನೋ ಹಾಳೆಗೊಂದು ಸಲ ಆಕೆಯನ್ನು ಅಳಿಸುತ್ತಿದ್ದ.

"ಏನ್ ಓದತಿ ಅಂಥಾದ್ದು? ಬುಟ್ಟಿ ಅರ್ಧಾನೂ ತುಂಬಿಲ್ಲ!" ಎಂದು ಅವ್ವ ಗದರಿದಳು.

ಮರುದಿನದಿಂದ ನಾನು ಅಳುವಿನ ಸಾಲುಗಳನ್ನು ಹಾರಿಸತೊಡಗಿದೆ. ಬುಟ್ಟಿ ತುಂಬತೊಡಗಿತು. ಆಮೇಲೆ ನಮ್ಮ ಚಾಳಿನ ಹಿರಿಯಳಾದ ಸತ್ತೆವ್ವ ಒಂದು ದಿನ ರಾಟೆ ನಿಲ್ಲಿಸಿ ಕೇಳಿದಳು.

"ಏ ಶಾಂತಿ, ಎಂಟ ದಿನಾ ಆತು ಕೇಳಾಕತ್ತೇನಿ. ಆಕಿ ಬರೇ ಕಿಟಕ್ಯಾಗ ನಿಂತ ಉಸರ ಬಿಡತಾಳ. ಉಣ್ಣೂದು ಯಾವಾಗ?"

ನಾನು ಹಿಂದಿನ ಹಾಳೆಗಳನ್ನು ತಿರುವಿ ನೋಡಿದೆ. ಖರೆಯೇ, ಇನ್ನೂರು ಪುಟದಲ್ಲಿ ಆಕೆ ಒಮ್ಮೆಯೂ ಉಂಡಿರಲಿಲ್ಲ. ಗಂಡನಿಗೆ ಬಡಿಸಿದ್ದಳು, ಮಾವನಿಗೆ ಬಡಿಸಿದ್ದಳು, ಭಿಕ್ಷೆಗೆ ಬಂದ ಸ್ವಾಮಿಗಳಿಗೂ ನೀಡಿದ್ದಳು. ಅವತ್ತೇ ನಾನು ಆಕೆಗೆ ಎರಡು ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದು ಉಳ್ಳಾಗಡ್ಡಿ ಉಣಿಸಿದೆ. "ಹಾಂ, ಈಗ ಬರೋಬ್ಬರಿ" ಎಂದು ಸತ್ತೆವ್ವ ಮತ್ತೆ ರಾಟೆ ತಿರುವಿದಳು. ನನಗೆ ಖುಷಿಯೋ ಖುಷಿ. ಅವತ್ತಿನಿಂದ ಅಂಜಿಕೆಯೂ ಹೋಯಿತು.

ಶಿವರಾತ್ರಿ ಸಮೀಪಿಸಿತು, ಬಿಸಿಲು ಏರಿತು. ದುಂಡಪ್ಪನ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಹಬ್ಬ ಮುಗಿದ ಮೇಲೆ ಎಂದು ಗೊತ್ತಾಯಿತು. ಬಾಳವ್ವನ ನಗು ಎಂದೋ ನಿಂತಿತ್ತು. ಒಂದು ಮಧ್ಯಾಹ್ನ ಆಕೆಯ ಅತ್ತೆ ನಮ್ಮೆಲ್ಲರ ಎದುರಿಗೇ ಬಂದು ನಿಂತಳು.

"ಏ ಬಾಳವ್ವಾ, ದಾನೋಳಿ ಹುಡುಗಿಗೆ ನೀನಽ ಆರತಿ ಎತ್ತಬೇಕ ನೋಡ. ಮಂದಿ ಎಷ್ಟ ದೊಡ್ಡ ಮನಸಿನಾಕಿ ಅನಬೇಕು."

ಹಿಂದಿನ ದಿನವಷ್ಟೇ ನಾನು ಓದಿದ ಅಧ್ಯಾಯದಲ್ಲಿ ವಾಡೆಯ ಸೊಸೆ ಸವತಿಗೆ ಆರತಿ ಎತ್ತಿದ್ದಳು, ಊರೆಲ್ಲ ಆಕೆಯನ್ನು ದೇವಿ ಎಂದಿತ್ತು. ಉಳಿದದ್ದು ಕೊನೆಯ ಅಧ್ಯಾಯ ಒಂದೇ. ಸಂಜೆ ಮರೆಗೆ ಹೋಗಿ ಅದನ್ನು ಮುಂಚಿತವಾಗಿ ಓದಿದೆ. ಬೀಗದ ಕೈಗಳನ್ನು ಸವತಿಯ ಕೈಗಿಟ್ಟು, ಗಂಡನ ಪಾದಕ್ಕೆ ನಮಸ್ಕರಿಸಿ, ನಸುಕಿನಲ್ಲಿ ಹಿತ್ತಲ ಬಾಗಿಲು ತೆರೆದು, ಆಕೆ ಬಾವಿಗೆ ಬೀಳುತ್ತಾಳೆ. ಆಕೆಯ ಮುಖದ ಮೇಲೆ ಮುಗುಳುನಗೆ ಇತ್ತಂತೆ. ಬಾವಿಗೆ ಬಿದ್ದವಳ ಮುಖ ಬರೆದವನಿಗೆ ಹೇಗೆ ಕಂಡಿತೋ! ನಮ್ಮ ಚಾಳಿನ ಹಿಂದೆಯೂ ಒಂದು ಬಾವಿಯಿತ್ತು. ದಿನಾ ನಸುಕಿನಲ್ಲಿ ಬಾಳವ್ವ ಅಲ್ಲಿಗೇ ನೀರಿಗೆ ಹೋಗುತ್ತಿದ್ದಳು.

ಮರುದಿನ ಓದಲು ಕೂತೆ. ಹಿತ್ತಲ ಬಾಗಿಲಿನವರೆಗೆ ಬರೆದಂತೆಯೇ ಓದಿದೆ. ಬಾಳವ್ವನ ರಾಟೆ ನಿಂತಿತ್ತು. ಆಕೆ ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ಪುಸ್ತಕದಲ್ಲಿಟ್ಟು, ಪುಸ್ತಕದಲ್ಲಿಲ್ಲದ್ದನ್ನು ಓದಿದೆ.

ಸೊಸೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು ನೆಟ್ಟಗೆ ಸ್ಟ್ಯಾಂಡಿಗೆ ಹೋದಳು. ಏಳೂವರೆಗೆ ಗಡಹಿಂಗ್ಲಜದ ಬಸ್ಸಿತ್ತು. ಮುಂದಿನ ಬಾಗಿಲಿನ ಹತ್ತಿರ, ಹೆಂಗಸರ ಪಕ್ಕ ಕೂತಳು. ನಿಪ್ಪಾಣಿಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಇಳಿಯಲಿಲ್ಲ, ಸಂಕೇಶ್ವರ ದಾಟಿತು. ಗಡಹಿಂಗ್ಲಜದ ಅಡತಿ ಅಂಗಡಿಗಳಲ್ಲಿ ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾರೆ. ಸುಗ್ಗಿಯಲ್ಲಿ ಕೇಳಿದವರಿಗೆಲ್ಲ ಕೆಲಸವಿದೆ. ಆಕೆ ಮೊದಲು ಕೈಗೆ ಎಣ್ಣೆ ಹಚ್ಚಿಕೊಂಡಳು, ಇಲ್ಲವಾದರೆ ಉರಿ ತಡೆಯಲಾಗದು. ಆಮೇಲೆ ಸಾಲಿನಲ್ಲಿ ಕೂತಳು.

ನನಗೆ ಗೊತ್ತಿದ್ದ ಲೋಕ ಅಷ್ಟೇ ಇತ್ತು. ಬಸ್ಸಿನ ವೇಳೆ ಮಾಮಾನಿಂದ, ಎಣ್ಣೆಯ ಮಾತು ಮಾಮಿಯಿಂದ ತಿಳಿದಿದ್ದೆ. ಸತ್ತೆವ್ವ ಮಾತ್ರ ಹುಬ್ಬು ಗಂಟಿಕ್ಕಿದಳು.

"ಕುದರಿ ಗಾಡಿ ಇದ್ದ ಕಾಲದಾಗ ಎಸ್.ಟಿ. ಬಸ್ಸ ಇತ್ತೇನ?"

"ಇತ್ತಂತ. ಬರದಾರಲ್ಲ" ಎಂದು ಪುಸ್ತಕ ಮುಚ್ಚಿಬಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಬಾಳವ್ವನ ರಾಟೆ ಮತ್ತೆ ತಿರುಗಿತು. ಅವತ್ತು ನನ್ನ ಬುಟ್ಟಿಗೆ ಆಕೆ ನಾಲ್ಕರ ಬದಲು ಎಂಟು ಕಂಡಿಕೆ ಹಾಕಿದಳು.

ಎಲ್ಲ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಆದಿತ್ಯವಾರ ಶಿವಲಿಂಗ ಮಾಮಾ ಬಂದ. ಅಂಗಳದಲ್ಲಿ ಹೆಂಗಸರನ್ನು ನೋಡಿ, ತಾನು ಕೊಟ್ಟ ಪುಸ್ತಕದ ಅಭಿಮಾನದಿಂದ ಕೇಳಿದ: "ಮುಗೀತೇನ್ರಿ ಕಾದಂಬರಿ? ಕಡೀಕ ಭಾಳ ದುಃಖ ಆಗತೈತಿ, ಅಲ್ಲ?"

"ದುಃಖ ಯಾಕ್ರಿ? ಆಕಿ ಗಡಹಿಂಗ್ಲಜಕ್ಕ ಹೋದ್ಲಲ್ಲ" ಎಂದಳು ಸತ್ತೆವ್ವ.

"ಗಡಹಿಂಗ್ಲಜಕ್ಕ? ಯಾಕ?"

"ಮೆಣಸಿನಕಾಯಿ ತೊಟ್ಟ ಮುರ್ಯಾಕ!"

ಮಾಮಾ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಕೊನೆಯ ಎರಡು ಪುಟ ಗಟ್ಟಿಯಾಗಿ ಓದಿಬಿಟ್ಟ. ಬೀಗದ ಕೈ, ಪಾದ, ಬಾವಿ, ಮುಗುಳುನಗೆ. "ಎಂಥಾ ದೇವಿ ನೋಡ್ರಿ! ಯಾರಿಗೂ ಎದುರಾಡಲಿಲ್ಲ, ಯಾರಿಗೂ ಭಾರ ಆಗಲಿಲ್ಲ" ಎಂದು ಕಣ್ಣೊರೆಸಿಕೊಂಡ. ಅವನಿಗೆ ಬಾಳವ್ವನ ಸಂಗತಿ ಗೊತ್ತಿರಲಿಲ್ಲ, ಅದನ್ನು ನಾನು ಹೇಳಲೇಬೇಕು.

ಯಾರೂ ಅಳಲಿಲ್ಲ. ಎಲ್ಲರೂ ಬಾಳವ್ವನನ್ನು ನೋಡದೆ ಇರಲು ಒದ್ದಾಡುತ್ತಿದ್ದರು. ಆಕೆಯ ರಾಟೆ ಮಾತ್ರ ನಿಲ್ಲದೆ ತಿರುಗುತ್ತಿತ್ತು. ಕೈಯಲ್ಲಿದ್ದ ಕಂಡಿಕೆ ಮುಗಿಸಿ, ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನನಗೆ ನಾಚಿಕೆಯಿಂದ ಭೂಮಿಯೊಳಗೆ ಇಳಿದುಹೋಗಬೇಕು ಎನಿಸಿತು. ಸುಳ್ಳು ಓದಿದ್ದಕ್ಕೆ ಅಲ್ಲ, ಸಿಕ್ಕಿಬಿದ್ದು ಆಕೆಯ ಕೈ ಬಿಟ್ಟಿದ್ದಕ್ಕೆ.

ಮೂರನೇ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ದುಂಡಪ್ಪ ನಮ್ಮ ಬಾಗಿಲಿಗೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

"ವೈನಿ, ಬಾಳವ್ವ ನಿಮ್ಮ ಕಡೆ ಬಂದಾಳೇನ್ರಿ? ನಸಿಕಿನ್ಯಾಗ ಕೊಡಾ ತಗೊಂಡ ಹೋದಾಕಿ ಬಂದಽ ಇಲ್ಲ" ಎಂದು ಅವ್ವನನ್ನು ಕೇಳಿದ.

ಕೊಡ ಬಾವಿಯ ಕಟ್ಟೆಯ ಮೇಲೆ ಖಾಲಿ ಇತ್ತು. ಚಾಳಿನ ಗಂಡಸರು ಕೂಡಿದರು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ತಂದು ಹಗ್ಗ ಕಟ್ಟಿ ಇಳಿಬಿಟ್ಟರು. ಅದರ ಕೊಕ್ಕೆಗಳು ತಳಕ್ಕೆ ತಾಗಿ ಉಜ್ಜುವ ಸಪ್ಪಳ ನನ್ನ ಹಲ್ಲಿನೊಳಗೆ ಕೇಳುತ್ತಿತ್ತು. ಒಮ್ಮೆ ಏನೋ ಭಾರವಾದದ್ದು ಸಿಕ್ಕಿತು. ದುಂಡಪ್ಪ ಅಲ್ಲೇ ಕುಸಿದು ಕೂತ. ಮೇಲೆ ಬಂದದ್ದು ಹಿಂದಿನ ವರ್ಷ ಅವ್ವ ಕಳೆದುಕೊಂಡ ತಾಮ್ರದ ಕೊಡ. ಅದಕ್ಕಾಗಿ ಎಂಟು ದಿನ ಗೋಳಾಡಿದ್ದ ಅವ್ವ ಅವತ್ತು ಅದನ್ನು ಮುಟ್ಟಲಿಲ್ಲ.

ಎಲ್ಲರೂ ಬಾವಿಯಲ್ಲಿ ಹಣಿಕಿ ಹಾಕುತ್ತಿದ್ದಾಗ ಸತ್ತೆವ್ವ ಒಬ್ಬಳೇ ಹಿಂದಿರುಗಿ ಬಾಳವ್ವನ ಖೋಲಿಗೆ ಹೋದಳು. ಬಾಗಿಲಿನಲ್ಲಿ ನಿಂತು ಒಳಗೆಲ್ಲ ನೋಡಿ, ಅಲ್ಲಿಂದಲೇ ಕೂಗಿದಳು.

"ಏ ದುಂಡಪ್ಪಾ, ಆ ಹಗ್ಗಾ ಮ್ಯಾಲ ಎಳೀರೋ! ಆಕೀ ರಾಟಿ ಇಲ್ಲ ಇಲ್ಲಿ. ಬಾಂವಿಗೆ ಬೀಳಾಕಿ ರಾಟಿ ಯಾಕ ಹೊತಗೊಂಡ ಹೋಗತಾಳ?"

ಆ ಕ್ಷಣ ನಾನು ಅತ್ತಷ್ಟು ಆ ಕಾದಂಬರಿಯ ಸೊಸೆಯೂ ಅತ್ತಿರಲಿಲ್ಲ.

ನಾಲ್ಕು ದಿನಕ್ಕೆ ನನ್ನ ಹೆಸರಿಗೆ ಮಾಮಾನ ಕಾರ್ಡು ಬಂತು. ಪುಸ್ತಕದ ಭಾಷೆಯಲ್ಲಿ ಉದ್ದುದ್ದ ಬರೆಯುವ ಮನುಷ್ಯ, ಈ ಸಲ ಮೂರೇ ಸಾಲು. ನಿಮ್ಮ ಚಾಳಿನ ಬಾಳವ್ವ ನಮ್ಮ ಅಂಗಡಿಯ ಅಂಗಳದಲ್ಲಿ ಮೆಣಸಿನಕಾಯಿಗೆ ಕೂತಿದ್ದಾಳೆ. ಸದ್ಯ ನಮ್ಮ ಹಿತ್ತಲ ಖೋಲಿಯಲ್ಲಿ ಇಟ್ಟುಕೊಂಡಿದ್ದೇವೆ. ಆಕೆಯ ವಿಷಯ ನೀನು ನನಗೆ ಮೊದಲೇ ಹೇಳಬೇಕಾಗಿತ್ತು.

ದುಂಡಪ್ಪ ಒಮ್ಮೆ ಅಲ್ಲಿಗೆ ಹೋಗಿ ಬಂದ. ಬಾಳವ್ವ ರೊಟ್ಟಿ ಮಾಡಿ ಉಣಿಸಿ, ಸಂಜೆಯ ಬಸ್ಸಿಗೆ ಕಳಿಸಿದಳಂತೆ. ಸಾಖರಪುಡಾ ನಡೆಯಿತು. ಆರತಿಯನ್ನು ಆತನ ತಾಯಿಯೇ ಎತ್ತಿದಳು.

ಯುಗಾದಿಯ ಮುಂಚೆ, ಮಾಮಾ ಮರೆತು ಬಿಟ್ಟುಹೋಗಿದ್ದ ಪುಸ್ತಕ ಹಿಂದಿರುಗಿಸುವ ನೆಪ ಮಾಡಿ, ಅವ್ವನ ಜೊತೆ ನಾನೂ ಏಳೂವರೆಯ ಬಸ್ಸು ಹತ್ತಿದೆ. ಅಷ್ಟೊಂದು ಬಣ್ಣಿಸಿದ ಬಸ್ಸಿನಲ್ಲಿ ನಾನು ಕೂತದ್ದು ಅದೇ ಮೊದಲು, ಹಿಂದೆ ಮಾಮಾನ ಮನೆಗೆ ಹೋದದ್ದೆಲ್ಲ ಮಧ್ಯಾಹ್ನದ ಬಸ್ಸಿಗೆ. ಅಡತಿ ಅಂಗಡಿಯ ಹಿಂದೆ ತಗಡಿನ ನೆರಳು, ಅದರ ಕೆಳಗೆ ಕೆಂಪು ಮೆಣಸಿನಕಾಯಿಯ ರಾಶಿಗಳು. ಮೂಗು ಬಾಯಿಗೆ ಸೆರಗು ಕಟ್ಟಿಕೊಂಡ ಹದಿನೈದಿಪ್ಪತ್ತು ಹೆಂಗಸರು. ಒಳಗೆ ಕಾಲಿಟ್ಟ ಕೂಡಲೇ ನನಗೆ ಸೀನು ಹತ್ತಿ ನಿಲ್ಲದಾಯಿತು. ಸಾಲಿನಲ್ಲೊಬ್ಬಳು ನಗುತ್ತ ಎದ್ದು ಸೆರಗು ಸರಿಸಿದಳು. ಬಾಳವ್ವ. ಕೈ ಕೆಂಪಾಗಿದ್ದವು, ಮುಖ ತುಂಬಿಕೊಂಡಿತ್ತು.

"ಬಾ, ಶಾಂತಿ. ರಾಟಿ ನೋಡಿ ಕಂಡಕ್ಟರ್ 'ಹೇ ಕಾಯ, ಬಾಯೀ?' ಅಂತ ಮರಾಠ್ಯಾಗ ಕೇಳಿದ, ಇದೇನಂತ. ಬಸ್ಸಿನ ಮ್ಯಾಲ ಹಾಕಿಸಿದ್ನಿ. ನಿಪ್ಪಾಣ್ಯಾಗ ಇಳೀಲಿಲ್ಲ ನೋಡ, ನೀ ಓದಿದಂಗ."

"ನಾ ಸುಳ್ಳ ಓದಿದ್ನಿ, ಅಕ್ಕಾ" ಎಂದೆ.

"ಗೊತ್ತೈತಿ. ನಿಮ್ಮ ಮಾಮಾ ಓದಿದ್ದ ಕೇಳಿದ್ನಲ್ಲ" ಎಂದಳು. ಆಮೇಲೆ ನನ್ನ ಕಂಕುಳಲ್ಲಿದ್ದ ಪುಸ್ತಕ ನೋಡಿ, "ತಂದೀಯಲ್ಲ, ಕುಂದರು. ಕಡೀ ಪಾನಾ ಇವರಿಗೆಲ್ಲಾ ಓದ. ಬರದಾಂವ ಹೆಂಗ ಬರದಾನ ಹಂಗಽ ಓದ. ಒಂದ ಅಕ್ಷರಾ ಬಿಡಬ್ಯಾಡ" ಎಂದಳು.

ನಾನು ಬೇಡವೆಂದೆ. ಆಕೆ ಕೇಳಲಿಲ್ಲ. ಮೆಣಸಿನಕಾಯಿಯ ರಾಶಿಯ ಪಕ್ಕ ಕೂತು, ಸೀನುತ್ತ ಕೆಮ್ಮುತ್ತ, ಒಂದಕ್ಷರವನ್ನೂ ಬಿಡದೆ ಓದಿದೆ. ಬೀಗದ ಕೈಗಳನ್ನು ಸವತಿಗೆ ಕೊಟ್ಟದ್ದು, ಪಾದಕ್ಕೆ ನಮಸ್ಕರಿಸಿದ್ದು, ಹಿತ್ತಲ ಬಾಗಿಲು ತೆರೆದದ್ದು, ಬಾವಿ, ಮುಗುಳುನಗೆ. ಮಾಮಾ ಅಂಗಡಿಯ ಬಾಗಿಲಿನಲ್ಲಿ ಬಂದು ನಿಂತಿದ್ದ. ಈ ಸಲ ಅವನು ಧೋತರದ ತುದಿಗೆ ಕೈ ಹಾಕಲಿಲ್ಲ, ಬಾಳವ್ವನನ್ನೇ ನೋಡುತ್ತಿದ್ದ. ಹೆಂಗಸರ ಕೈಗಳು ನಿಲ್ಲದೆ ತೊಟ್ಟು ಮುರಿಯುತ್ತಿದ್ದವು.

ಓದು ಮುಗಿಯಿತು. ಬಾಳವ್ವ ಇನ್ನೊಂದು ಹಿಡಿ ಮೆಣಸಿನಕಾಯಿ ಮುಂದಕ್ಕೆ ಎಳೆದುಕೊಂಡಳು.

"ಪಾಪ, ಆಕಿಗೆ ಯಾರೂ ಬಸ್ಸಿನ ಯಾಳೆ ಹೇಳಲಿಲ್ಲ" ಎಂದಳು.